ಕರೆಂಟ್ ಅಲ್ಲ, ಕಿರಣ

ಅಕ್ಕಂದಿರೇ,

ಹೋದ ವಾರ ಓದು ಮುಗಿದ ಮೇಲೆ ಒಬ್ಬ ಅಕ್ಕ ಮೆಲ್ಲಗೆ ಕೇಳಿದರು. "ನಮ್ಮ ವಾರಗಿತ್ತಿಗೆ ಗರ್ಭಕೋಶದ ಬಾಯಿಯ ಕ್ಯಾನ್ಸರ್. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಲ್ಲಿ ಕರೆಂಟ್ ಕೊಡ್ತಾರಂತೆ. ಮೈ ಸುಟ್ಟು ಹೋಗಲ್ವಾ ಟೀಚರಮ್ಮ?"

ಕರೆಂಟ್ ಅನ್ನೋದು ಬಾಯಿಮಾತು. ಅದು ಕರೆಂಟ್ ಅಲ್ಲ. ಎಕ್ಸ್‌ರೇ ತೆಗೆಸಿದ್ದೀರಲ್ಲ? ಅಂಥದೇ ಕಿರಣ, ಆದರೆ ಬಹಳ ಶಕ್ತಿಯದು. ಶಾಕ್ ಹೊಡೆಯುವುದಿಲ್ಲ. ಕೊಡುವಾಗ ನೋವಿಲ್ಲ. ಕೆಲವು ನಿಮಿಷ ಅಲುಗಾಡದೆ ಮಲಗಬೇಕು, ಅಷ್ಟೆ. ಕಿರಣ ಮೈಯಲ್ಲಿ ಉಳಿಯೋದಿಲ್ಲ. ಮನೆಗೆ ಬಂದು ಮಗುವನ್ನು ಎತ್ತಿಕೊಳ್ಳಬಹುದು.

ಈ ಕಾಯಿಲೆಗೆ ಸಾಮಾನ್ಯವಾಗಿ ವಾರಕ್ಕೆ 5 ದಿನ, ಸುಮಾರು 5 ವಾರ ಕೊಡುತ್ತಾರೆ. ಆಮೇಲೆ ಒಳಗಿನಿಂದಲೂ ಕೆಲವು ಸಲ ಕೊಡುತ್ತಾರೆ. ಸುಸ್ತು, ಭೇದಿ ಆಗಬಹುದು. ಡಾಕ್ಟರಿಗೆ ಹೇಳಿದರೆ ಮಾತ್ರೆ ಕೊಡ್ತಾರೆ.

ಕಷ್ಟ ಇರೋದು ಬೇರೆ ಕಡೆ. ಅರ್ಧಕ್ಕೇ ರಕ್ತ ಹೋಗುವುದು ನಿಲ್ಲುತ್ತದೆ. ವಾಸಿಯಾಯಿತು ಅನಿಸುತ್ತದೆ. ಆದರೆ ರೋಗದ ಕಣಗಳು ಇನ್ನೂ ಒಳಗಿರುತ್ತವೆ. ನಮ್ಮ ಚಿಕ್ಕಮ್ಮ ಹಾಗೇ ಊರಿಗೆ ಬಂದುಬಿಟ್ಟರು. ರಾಗಿ ಕೊಯ್ಲು ಇತ್ತು. ನಾವೂ ವಾಪಸ್ ಕಳಿಸಲಿಲ್ಲ. ಮುಂದಿನ ಕೊಯ್ಲಿಗೆ ಅವರು ಇರಲಿಲ್ಲ.

ಈ ಅಕ್ಕನ ವಾರಗಿತ್ತಿ ಸೋಮವಾರ ಹೊರಡುತ್ತಾರೆ. ಅವರ ಎರಡು ಹಸು, ಸ್ಕೂಲಿಗೆ ಹೋಗುವ ಮಕ್ಕಳು. ಅಷ್ಟು ವಾರ ನೋಡಿಕೊಳ್ಳೋಕೆ ನಮ್ಮಲ್ಲಿ ಯಾರ್ಯಾರು ಬರ್ತೀರಿ? ಹಲಗೆ ಮೇಲೆ ಹೆಸರು ಬರೆಯಿರಿ.