ಗುಜರಿಗೆ ಹಾಕುವ ಮೊದಲು

(ಪುಣೆಯಲ್ಲಿ ನಮ್ಮ ಮಹಿಳಾ ವೇದಿಕೆಯ ಮಾಸಿಕ ಸಭೆಯಲ್ಲಿ ಆಡಿದ ಮಾತಿನ ಬರಹರೂಪ)



ಕಳೆದ ತಿಂಗಳು ಇಲ್ಲಿ ಹಪ್ಪಳ ಸಂಡಿಗೆಯ ಮಾತು ಕೇಳಿ ಎಲ್ಲರ ಬಾಯಲ್ಲೂ ನೀರೂರಿತ್ತು. ಇವತ್ತು ನಾನು ಕಬ್ಬಿಣದ ಮಾತು ತಂದಿದ್ದೇನೆ, ಸ್ವಲ್ಪ ಸಹಿಸಿಕೊಳ್ಳಿ. ಎಂ.ಟೆಕ್. ಮುಗಿಸಿ ಸಾಫ್ಟ್‌ವೇರ್ ಕೆಲಸ ಹಿಡಿದವಳಾದರೂ ನಾನು ಬೆಳೆದದ್ದು ಭೋಸರಿಯ ಒಂದು ಸಣ್ಣ ವರ್ಕ್‌ಶಾಪಿನಲ್ಲಿ. ಅಪ್ಪ ಹರಿಹರದವರು. ಅವರ ಲೇತ್ ಕೂಡ ಹರಿಹರದ್ದೇ, ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯದು.

ಅಪ್ಪ ತೀರಿಕೊಂಡ ಮೇಲೆ ಶಾಪ್ ಮುಚ್ಚಬೇಕಾಯಿತು. ಲೇತ್ ಕೊಳ್ಳಲು ಜನ ಬಂದರು. ಪಕ್ಕದಲ್ಲಿ ಎರಡು ಎಣ್ಣೆ ಡಬ್ಬದ ತುಂಬ ಇದ್ದ ಕಬ್ಬಿಣದ ತುಂಡುಗಳನ್ನು ಯಾರೂ ಕೇಳಲಿಲ್ಲ. ಗುಜರಿಯವನು ತೂಗಿ 19 ಕಿಲೋ ಅಂದ, ಕಿಲೋ ಲೆಕ್ಕದಲ್ಲೇ ದುಡ್ಡು ಎಣಿಸತೊಡಗಿದ. ಅಮ್ಮ ಡಬ್ಬ ಬಿಡಲಿಲ್ಲ. "ರಾತ್ರಿಯೆಲ್ಲ ಕೂತು ಮಾಡಿದ್ದು ಕಣೇ. ಏನು ಅಂತ ಮೊದಲು ನೀನು ನೋಡಿ ಹೇಳು, ಆಮೇಲೆ ಕೊಡೋಣ" ಅಂದರು.

ಲೇತಿನಲ್ಲಿ ಕೆಲಸದ ತುಂಡು ತಿರುಗುತ್ತದೆ, ಟೂಲ್ ಅದನ್ನು ಕೊರೆಯುತ್ತದೆ. ನಿಜವಾಗಿ ಕೊರೆಯುವ ಬಿಟ್ ಕಿರುಬೆರಳಿಗಿಂತ ಚಿಕ್ಕದು. ಈಳಿಗೆಮಣೆಯಲ್ಲಿ ಅಲಗಿಗೆ ಮಣೆ ಹೇಗೋ, ಆ ಬಿಟ್‌ಗೆ ಟೂಲ್ ಹೋಲ್ಡರ್ ಹಾಗೆ. ಅಂಗಡಿಯದ್ದಾದರೆ ಮೇಲೆ ಹೆಸರು, ನಂಬರು ಇರುತ್ತದೆ. ಕೈಯಾರೆ ಮಾಡಿದ್ದರಲ್ಲಿ ಆಕ್ಸಾ ಬ್ಲೇಡಿನ ಗೆರೆ, ಅರದ ಗುರುತು, ಪಂಚಿನ ಚುಕ್ಕೆ ಇಷ್ಟೇ. ಹಾಗಾಗಿ ಬಿಟ್ ಎಲ್ಲಿ ಕೂರುತ್ತಿತ್ತು ಅನ್ನುವುದನ್ನೇ ಮೊದಲು ಹುಡುಕಬೇಕು. ಚೌಕ ರಂಧ್ರ ಸುಮಾರು 15 ಡಿಗ್ರಿ ಮೇಲ್ಮುಖವಾಗಿ ವಾಲಿದ್ದರೆ ಅದು ಹೈಸ್ಪೀಡ್ ಸ್ಟೀಲ್ ಬಿಟ್‌ಗೆ, ಮಟ್ಟಸವಾಗಿದ್ದರೆ ಸಾಮಾನ್ಯವಾಗಿ ಕಾರ್ಬೈಡ್‌ಗೆ. ಉದ್ದಕ್ಕೆ ತೆಳ್ಳಗಿನ ಗಾಡಿ ಇದ್ದರೆ ತುಂಡರಿಸುವ ಪಾರ್ಟಿಂಗ್ ಬ್ಲೇಡಿನದು. ಹಂಸದ ಕತ್ತಿನ ಹಾಗೆ ಬಾಗಿ ಕತ್ತಿನಲ್ಲಿ ಸೀಳು ಇದ್ದರೆ ಸ್ಪ್ರಿಂಗ್ ಟೂಲ್. ಭಾರ ಹೆಚ್ಚಾದಾಗ ಅದು ಕೆಲಸವನ್ನು ಕಚ್ಚದೆ ತುಸು ಹಿಂದೆ ಬಾಗುತ್ತದೆ. ಮಾಡಿದವರು ಅದನ್ನು ಬೇಕೆಂದೇ ಸೀಳಿರುತ್ತಾರೆ, ಮುರಿದಿದೆ ಎಂದು ಎಸೆಯಬಾರದು.

ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಆರು ದಪ್ಪ ಬ್ಲಾಕುಗಳು. ದುಂಡು ರಂಧ್ರ, ಪಕ್ಕದಲ್ಲಿ ಒಂದು ಸೀಳು, ಮೇಲೆ ಎರಡು ಬೋಲ್ಟು. ಪೈಪಿನಂಥವುಗಳ ಒಳಗೆ ಕೊರೆಯುವ ಬೋರಿಂಗ್ ಬಾರ್ ಹಿಡಿಯುವಂಥವು. ರಂಧ್ರಗಳ ದಪ್ಪ ಬೇರೆ ಬೇರೆ. ಆದರೆ ತಳದಿಂದ ರಂಧ್ರದ ನಡುವಿಗೆ ಅಳೆದರೆ ಆರರಲ್ಲೂ ಒಂದೇ ಅಳತೆ! ಕಾರಣ ಸರಳ. ಖಾಲಿ ಬ್ಲಾಕನ್ನು ಟೂಲ್ ಪೋಸ್ಟಿನಲ್ಲಿ ಕಟ್ಟಿ, ಡ್ರಿಲ್ಲನ್ನು ಚಕ್ಕಿಗೆ ಹಾಕಿ, ಅದೇ ಲೇತಿನಿಂದ ರಂಧ್ರ ಹೊಡೆದಿದ್ದಾರೆ. ಹಾಗೆ ಮಾಡಿದರೆ ರಂಧ್ರ ತಾನಾಗಿಯೇ ಆ ಲೇತಿನ ಸೆಂಟರ್ ಎತ್ತರಕ್ಕೆ ಬರುತ್ತದೆ. ಬೇರೆ ಅಳತೆಯ ಲೇತಿಗೆ ಕಟ್ಟಿದರೆ ಮೇಲೋ ಕೆಳಗೋ ಆಗುತ್ತದೆ. ಅಂದರೆ ಈ ಆರು ಬ್ಲಾಕುಗಳು ಲೇತಿನ ಜೊತೆಗಿದ್ದರೆ ಸಾಮಾನು, ಬೇರೆಯಾದರೆ ಗುಜರಿ. ಲೇತನ್ನು ಒಬ್ಬರಿಗೆ, ಡಬ್ಬವನ್ನು ಇನ್ನೊಬ್ಬರಿಗೆ ಮಾರಿದ್ದರೆ ಎರಡೂ ಕಡೆ ನಷ್ಟ.

ಎಂ.ಟೆಕ್. ಸಾಲದ ಜಾಗದಲ್ಲಿ ಅಮ್ಮ ಇದ್ದರು. ಶಾಪಿನ ಬಿಲ್ಲು, ಚಲನ್ ಎಲ್ಲ ಬರೆಯುತ್ತಿದ್ದವರು ಅವರೇ. ಒಂದು ಸೊಟ್ಟ ಹೋಲ್ಡರ್ ಹಿಡಿದು ನಾನು ತಲೆ ಕೆರೆದುಕೊಳ್ಳುತ್ತಿದ್ದರೆ, "ಅದು ಪಂಪಿನ ಬುಷ್ ಆರ್ಡರಿಗೆ ಮಾಡಿದ್ದಲ್ಲೇನೇ? ನೀನಾಗ ಏಳನೇ ಕ್ಲಾಸು. ಒಳಗಡೆ ಒಂದು ಸುತ್ತು ಗಾಡಿ ಬೇಕು ಅಂದಿದ್ರು" ಅಂತ ಅಡುಗೆಮನೆಯಿಂದಲೇ ಹೇಳಿದರು. ಬುಷ್ಶಿನ ಒಳಗಾಡಿ ಅಂದ ಕೂಡಲೇ ಸೊಟ್ಟಕ್ಕೆ ಅರ್ಥ ಬಂತು. ಇಂಥ ಹೋಲ್ಡರನ್ನು ಗುರುತಿಸಲು ಅದು ಮಾಡಿದ ಕೆಲಸ ಗೊತ್ತಿರಬೇಕು. ಆ ನೆನಪು ಬಹಳ ಮನೆಗಳಲ್ಲಿ ಹೆಂಗಸರ ಹತ್ತಿರವೇ ಇರುತ್ತದೆ, ಕೇಳುವವರು ಕಡಿಮೆ.

ಇನ್ನು ಬಳಸುವ ಮಾತು. ಹಳೆಯ ಹೋಲ್ಡರನ್ನು ಹಾಗೇ ಕಟ್ಟಬೇಡಿ. ಸೀಮೆಎಣ್ಣೆ ಹಚ್ಚಿ, ಚೆನ್ನಾಗಿ ಒರೆಸಿ, ಚಾಕ್‌ಪೀಸ್ ಪುಡಿ ಸವರಿ. ಬಿರುಕಿದ್ದರೆ ಒಳಗಿನ ಎಣ್ಣೆ ಹೊರಬಂದು ಗೆರೆ ಮೂಡುತ್ತದೆ, ಅಂಥದ್ದು ಗುಜರಿಗೇ ಹೋಗಲಿ. ಸ್ಕ್ರೂಗಳನ್ನು ಪಿಚ್ ಗೇಜಿನಿಂದ ನೋಡಿ. ಹಳೆಯ ಶಾಪುಗಳಲ್ಲಿ ವಿಟ್‌ವರ್ಥ್ ಮರೆ ಹೆಚ್ಚು. ಕಾಲಿಂಚಿನದಕ್ಕೆ ಇಂಚಿಗೆ 20 ಮರೆ, 6 ಮಿ.ಮೀ. ಮೆಟ್ರಿಕ್‌ನಲ್ಲಿ 1 ಮಿ.ಮೀ.ಗೆ ಒಂದು ಮರೆ. ಒಂದರ ಜಾಗಕ್ಕೆ ಇನ್ನೊಂದನ್ನು ತುರುಕಿದರೆ ಬಿಟ್ ಗಟ್ಟಿಯಾಗಿ ನಿಲ್ಲುವುದಿಲ್ಲ.

ಟೂಲಿನ ಎತ್ತರ ನೋಡಲು ಆರಿಂಚಿನ ಸ್ಟೀಲ್ ಸ್ಕೇಲು ಸಾಕು. ಲೇತ್ ನಿಂತಿರುವಾಗ, ದುಂಡು ರಾಡಿಗೂ ಟೂಲಿನ ತುದಿಗೂ ನಡುವೆ ಸ್ಕೇಲನ್ನು ಮೆತ್ತಗೆ ಒತ್ತಿ ಹಿಡಿಸಿ. ನೆಟ್ಟಗೆ ನಿಂತರೆ ಸರಿ. ಸ್ಕೇಲಿನ ಮೇಲ್ತುದಿ ನಿಮ್ಮ ಕಡೆ ವಾಲಿದರೆ ಟೂಲ್ ಕೆಳಗಿದೆ, ಆಚೆ ವಾಲಿದರೆ ಮೇಲಿದೆ. ಕೆಳಗಿದ್ದರೆ ಮುರಿದ ಆಕ್ಸಾ ಬ್ಲೇಡಿನ ತುಂಡೇ ಒಳ್ಳೆಯ ಪ್ಯಾಕಿಂಗು. ಬಿಟ್ ಹೊರಗೆ ಎಷ್ಟು ಚಾಚಿದೆ ಅನ್ನುವುದಂತೂ ಮುಖ್ಯ. ಚಾಚು ಎರಡು ಪಟ್ಟಾದರೆ ಅದೇ ಭಾರಕ್ಕೆ ಬಾಗುವುದು ಎಂಟು ಪಟ್ಟು. ಕಿರ್ರೆಂದು ಅದುರತೊಡಗಿದರೆ ಮೊದಲು ಅದನ್ನು ಒಳಗೆಳೆದು ಕಟ್ಟಿ.

ಸೆರಗು, ದುಪಟ್ಟಾ, ಬಳೆ, ಬಿಟ್ಟ ಕೂದಲು ಬೇಡ ಅಂತ ಎಲ್ಲರೂ ಹೇಳುತ್ತಾರೆ. ಕೈಗವಸೂ ಬೇಡ ಅನ್ನುವುದನ್ನು ಮರೆಯುತ್ತಾರೆ. ತಿರುಗುವ ಚಕ್ಕಿಗೆ ಅದು ಸಿಕ್ಕರೆ ಕೈಯನ್ನೂ ಎಳೆದುಕೊಳ್ಳುತ್ತದೆ.

ಎಂಟು ಭಾನುವಾರ ಕೂತು ಒಂದೊಂದಕ್ಕೂ ಚೀಟಿ ಕಟ್ಟಿದೆವು, ಅಮ್ಮನ ಅಕ್ಷರದಲ್ಲಿ. ಬಿರುಕು ಬಿಟ್ಟ ನಾಲ್ಕನ್ನು ಗುಜರಿಯವನು ಒಯ್ದ. ಉಳಿದವು ಲೇತಿನ ಜೊತೆಗೇ ಹೋದವು. ಕೊಂಡ ಹುಡುಗ ಚೀಟಿಗಳನ್ನು ಓದಿಸಿಕೊಂಡು ಕೇಳಿ, ಲೇತಿನ ಬೆಲೆಯ ಮೇಲೆ ಡಬ್ಬಕ್ಕೆ ಬೇರೆ ಬೆಲೆ ಕೊಟ್ಟ. ಎಷ್ಟು ಅಂತ ಅಮ್ಮ ನನಗೂ ಹೇಳಿಲ್ಲ, ಅದು ಅವರ ಪಾಸ್‌ಬುಕ್ಕಿನ ವಿಚಾರ.

ಬೆಳಗಾವಿ, ಹುಬ್ಬಳ್ಳಿ, ಹರಿಹರದ ಕಡೆಯಿಂದ ಪಿಂಪ್ರಿ-ಚಿಂಚವಡದ ಶಾಪುಗಳಿಗೆ ಬಂದ ಮನೆಗಳು ನಮ್ಮಲ್ಲೂ ಇವೆ. ಅಟ್ಟದ ಮೇಲೆ ಇಂಥ ಡಬ್ಬ ಇದ್ದರೆ, ತಕ್ಕಡಿ ಬರುವ ಮೊದಲು ನನಗೊಂದು ಮಾತು ಹೇಳಿ. ಸ್ಕೇಲು, ಅರ, ಪಿಚ್ ಗೇಜು ನಾನು ತರುತ್ತೇನೆ, ಚಹಾ ನಿಮ್ಮದು.