ಯಾರ ಗೆರೆ, ಯಾರ ಅಳತೆ



‘ನಿಮ್ಮ ಆರೋಗ್ಯ ಹೇಗಿದೆ?’ ಎಂಬ ಒಂದು ಸಾಲಿನ ಪ್ರಶ್ನೆಯನ್ನು ಹಗುರವಾಗಿ ಕಾಣುವ ಹಾಗಿಲ್ಲ. ಕೆನಡಾದ ಮ್ಯಾನಿಟೋಬಾದ ವೃದ್ಧರನ್ನು ಕುರಿತು ಮಾಸ್ಸಿ ಮತ್ತು ಶಪೀರೊ 1982ರಲ್ಲಿ ಬರೆದರು: ವೈದ್ಯಕೀಯ ದಾಖಲೆ ಒಂದೇ ತರ ಇದ್ದರೂ, ‘ಚೆನ್ನಾಗಿಲ್ಲ’ ಎಂದವರು ಮುಂದಿನ ವರ್ಷಗಳಲ್ಲಿ ಹೆಚ್ಚಾಗಿ ತೀರಿಕೊಂಡಿದ್ದರು. ಹಾಗೆಂದು ಈ ಉತ್ತರವನ್ನು ಕಣ್ಣುಮುಚ್ಚಿ ನಂಬುವಂತೆಯೂ ಇಲ್ಲ. ಆಯುಷ್ಯದಲ್ಲಿ ಬಿಹಾರಕ್ಕಿಂತ ಎಷ್ಟೋ ಮುಂದಿರುವ ಕೇರಳದವರೇ ಕಾಯಿಲೆಯನ್ನು ಹೆಚ್ಚು ಹೇಳಿಕೊಳ್ಳುತ್ತಾರೆ ಎಂದು ಅಮರ್ತ್ಯ ಸೇನ್ 2002ರಲ್ಲೇ ಎಚ್ಚರಿಸಿದ್ದರು.

ಇಂಥ ಉತ್ತರಗಳ ವಿಶ್ಲೇಷಣೆಗೆ ನಾವೆಲ್ಲ ಬಳಸುವ ಕ್ರಮಾಂಕಿತ ಲಾಜಿಸ್ಟಿಕ್ ಮಾದರಿ ಹೀಗೆ ಭಾವಿಸುತ್ತದೆ: ಕಣ್ಣಿಗೆ ಕಾಣದ ಆರೋಗ್ಯದ ಒಂದು ರೇಖೆಯಿದೆ, ಅದರ ಮೇಲೆ ನಾಲ್ಕು ಗೆರೆ ಎಳೆದರೆ ಐದು ಉತ್ತರಗಳಾಗುತ್ತವೆ. ವಯಸ್ಸು, ಓದು, ಆದಾಯ ನಿಮ್ಮನ್ನು ರೇಖೆಯ ಮೇಲೆ ಅತ್ತಿತ್ತ ಸರಿಸುತ್ತವೆ. ಗೆರೆಗಳು ಮಾತ್ರ ಎಲ್ಲರಿಗೂ ಒಂದೇ. ನನ್ನ ತಕರಾರು ಇರುವುದು ಈ ಕೊನೆಯ ಮಾತಿಗೆ. ಅಡಿಕೆ ಸುಲಿಯುತ್ತ ರಾತ್ರಿಯೆಲ್ಲ ಕೂರುವ ಹೆಂಗಸಿಗೆ ಸೊಂಟನೋವು ಕಾಯಿಲೆಯ ಲೆಕ್ಕಕ್ಕೇ ಬರುವುದಿಲ್ಲ. ಅದೇ ನೋವಿಗೆ ತೀರ್ಥಹಳ್ಳಿ ಪೇಟೆಯ ನಿವೃತ್ತ ಮೇಷ್ಟ್ರು ‘ಸಾಧಾರಣ’ ಎನ್ನುತ್ತಾರೆ. ಮಾದರಿ ಇದನ್ನು ಓದಿನ ಪರಿಣಾಮವೆಂದು ಬರೆದುಕೊಂಡು, ಓದಿದವರ ಆರೋಗ್ಯವೇ ಕೆಟ್ಟದ್ದೆಂದು ಹೇಳಿಬಿಟ್ಟೀತು!

ಋತುವೂ ಹೀಗೆಯೇ ದಾರಿ ತಪ್ಪಿಸುತ್ತದೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗೊತ್ತಾದ ಮಂಗನ ಕಾಯಿಲೆ ಹೆಚ್ಚಾಗಿ ಚಳಿ-ಬೇಸಿಗೆಯ ತಿಂಗಳುಗಳದ್ದು. 2019ರ ಆರಂಭದಲ್ಲಿ ಸಾಗರ ತಾಲೂಕಿನ ಅರಳಗೋಡಿನಲ್ಲಿ ಅದು ಜೀವ ತೆಗೆಯುತ್ತಿದ್ದಾಗ, ಉಣ್ಣೆ ಕಚ್ಚದಂತೆ ಡಿಎಂಪಿ ಎಣ್ಣೆ ಸವರಿಕೊಂಡು ಕಾಡಿಗೆ ಹೋಗುವವರನ್ನು ಆರೋಗ್ಯ ಹೇಗಿದೆ ಎಂದು ಕೇಳಿದ್ದರೆ, ಜ್ವರವಿಲ್ಲದವರ ಉತ್ತರದಲ್ಲೂ ಭಯ ಬೆರೆತಿರುತ್ತಿತ್ತು. ಸಮೀಕ್ಷೆ ನಡೆದ ತಿಂಗಳನ್ನು ಮಾದರಿಗೆ ಸೇರಿಸದ ವರದಿಯನ್ನು ನಾನಂತೂ ಮುಂದಕ್ಕೆ ಓದುವುದಿಲ್ಲ.

ದೂರದ ಕಥೆ ಇನ್ನೂ ಸ್ವಾರಸ್ಯದ್ದು. ನಕ್ಷೆಯಲ್ಲಿ ಸ್ಕೇಲ್ ಇಟ್ಟು ನೋಡಿದರೆ ತುಮರಿಗೂ ಸಾಗರದ ಆಸ್ಪತ್ರೆಗೂ ಎಂದೂ ಮಹಾ ಅಂತರವಿರಲಿಲ್ಲ. ಆದರೆ ನಡುವೆ ಲಿಂಗನಮಕ್ಕಿಯ ಹಿನ್ನೀರು. ಸಂಜೆಯ ಲಾಂಚ್ ತಪ್ಪಿದರೆ ಹೆರಿಗೆ ನೋವಿಗೂ ಸುತ್ತುದಾರಿಯೇ ಗತಿಯಾಗಿತ್ತು. 2025ರ ಜುಲೈಯಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯಿತು. ಕಿಲೋಮೀಟರ್ ಎಣಿಸುವುದನ್ನು ಬಿಟ್ಟು, ರಾತ್ರಿ ಹತ್ತಕ್ಕೆ ಹೊರಟರೆ ವೈದ್ಯರ ಮುಂದೆ ಎಷ್ಟು ಹೊತ್ತಿಗೆ ಎಂದು ಕೇಳಿ. ಸೇತುವೆಗೆ ಮುಂಚಿನ ಮತ್ತು ಅನಂತರದ ಉತ್ತರಗಳನ್ನು ಕರೂರು ಸೀಮೆಯಲ್ಲಿ ಹೋಲಿಸುವಾಗಲೂ ಎಚ್ಚರ ಬೇಕು: ವೈದ್ಯರು ಹತ್ತಿರವಾದಾಗ ರೋಗಕ್ಕೊಂದು ಹೆಸರು ಸಿಗುತ್ತದೆ, ‘ಚೆನ್ನಾಗಿಲ್ಲ’ ಎನ್ನುವವರು ಕೆಲಕಾಲ ಹೆಚ್ಚಬಹುದು. ಅದನ್ನು ಸೇತುವೆಯ ಸೋಲೆಂದು ಯಾರೂ ಬರೆಯಬೇಡಿ.

ಗೆರೆಗಳ ತೊಡಕಿಗೆ ಗ್ಯಾರಿ ಕಿಂಗ್ ಮತ್ತು ಸಂಗಡಿಗರು 2004ರಲ್ಲಿ ಒಂದು ದಾರಿ ತೋರಿದ್ದಾರೆ. ಕಲ್ಪಿತ ವ್ಯಕ್ತಿಯೊಬ್ಬರ ಸ್ಥಿತಿಯನ್ನು ವಿವರಿಸಿ, ಅವರ ಆರೋಗ್ಯ ಹೇಗಿದೆ ಎಂದು ಎಲ್ಲರನ್ನೂ ಕೇಳುವುದು. ಆ ಉತ್ತರದಿಂದ ಪ್ರತಿಯೊಬ್ಬರ ಗೆರೆ ಎಲ್ಲಿದೆಯೆಂದು ತಿಳಿದು, ಅವರು ತಮ್ಮ ಬಗ್ಗೆ ಹೇಳಿದ್ದನ್ನು ಅದಕ್ಕೆ ಹೊಂದಿಸಿ ಅಳೆಯುವುದು. ಆದರೆ ಮಹಡಿ ಮೆಟ್ಟಿಲು ಹತ್ತಲಾಗದವರ ಕಥೆ ನಮ್ಮ ಒಂಟಿಮನೆಗಳಲ್ಲಿ ನಡೆಯದು. ಸೊಪ್ಪಿನ ಬೆಟ್ಟದಿಂದ ಹೊರೆ ತರುವಾಗ ದಾರಿಯಲ್ಲಿ ಎರಡು ಸಲ ಕೂರಬೇಕಾದವಳನ್ನು ಕಲ್ಪಿಸಿಕೊಳ್ಳಿ. ಅಂಥ ಐದು ಚಿತ್ರಗಳ ಕರಡನ್ನು ತಂದಿದ್ದೇನೆ. ಮಧ್ಯಾಹ್ನದ ಗೋಷ್ಠಿಯಲ್ಲಿ ಹೊಸನಗರದ ಆಶಾ ಕಾರ್ಯಕರ್ತೆಯರು ಅದನ್ನು ಮೊದಲು ತಿದ್ದಲಿ; ಪ್ರಾಧ್ಯಾಪಕರ ಸರದಿ ಆಮೇಲೆ.