ದ್ರಾಕ್ಷಾರಸ, ಅದರ ಬಿರಡೆ, ಅದರ ಸೀಸೆ

(ಜವಳಗಿರಿಯಲ್ಲಿ ಸಂಘದ ವಾರ್ಷಿಕೋತ್ಸವದ ಸಂದರ್ಭದಲ್ಲಿ ಮಾಡಿದ ಭಾಷಣ)



ಕನ್ನಡ ಪಂಡಿತರೆನಿಸಿಕೊಂಡವರು ಈ ವೇದಿಕೆಯಿಂದ ದ್ರಾಕ್ಷಾರಸದ ವಿಷಯವಾಗಿ ಮಾತನಾಡುವರೆಂಬುದನ್ನು ಕಂಡು ಕೆಲವರು ಹುಬ್ಬೇರಿಸಿದರೆಂದು ಕೇಳಿದ್ದೇವೆ. ಅವರ ಶಂಕೆ ನ್ಯಾಯವಾದುದೇ. ಈ ಸೀಮೆಯು ಸೇಲಂ ಜಿಲ್ಲೆಗೆ ಸೇರಿದ್ದ ಕಾಲದಲ್ಲಿ, 1937ನೆಯ ಅಕ್ಟೋಬರ್ 1ರಂದು, ಮದರಾಸು ಪ್ರಾಂತ್ಯದಲ್ಲೆಲ್ಲ ಮೊತ್ತಮೊದಲು ಪಾನನಿರೋಧವು ಜಾರಿಗೆ ಬಂದುದು ಆ ಜಿಲ್ಲೆಯಲ್ಲಿಯೇ. ಅದನ್ನು ತಂದ ರಾಜಾಜಿಯವರು ಹುಟ್ಟಿದ ತೊರಪಳ್ಳಿ ಹೊಸೂರಿನ ನೆರೆಯ ಊರು. ಕುಡಿತವು ಎಷ್ಟು ಮನೆಗಳ ಒಲೆಯನ್ನು ಆರಿಸಿತೆಂಬುದನ್ನು ಇಲ್ಲಿ ಕುಳಿತಿರುವ ತಾಯಂದಿರಿಗೆ ನಾವು ಹೇಳಬೇಕಾದುದಿಲ್ಲ. ದ್ರಾಕ್ಷಿಯಿಂದ ಬಂದ ಮಾತ್ರಕ್ಕೆ ಮದ್ಯಸಾರದ ಗುಣವು ಬದಲಾಗುವುದಿಲ್ಲ. ಮದ್ಯಪಾನೀಯಗಳು ಕ್ಯಾನ್ಸರಿಗೆ ಕಾರಣವೆಂದು ಅಂತರರಾಷ್ಟ್ರೀಯ ಸಂಶೋಧನ ಸಂಸ್ಥೆಯು 1988ರಲ್ಲಿಯೇ ನಿರ್ಣಯಿಸಿತು. ಇಂತಿಷ್ಟು ಕುಡಿದರೆ ಅಪಾಯವಿಲ್ಲವೆಂಬ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ಸಾರಿತು. ಆದುದರಿಂದ ಇದು ಪಾನಪ್ರಶಂಸೆಯಲ್ಲ.

ಹಾಗಾದರೆ ಈ ಮಾತೇಕೆ? ಗಡಿಯಾಚೆ ನಂದಿಬೆಟ್ಟದ ತಪ್ಪಲಿನಲ್ಲಿ ದ್ರಾಕ್ಷಿಯನ್ನು ನಂಬಿ ಬದುಕುವ ರೈತರು ನಮ್ಮ ನುಡಿಯವರು. ಬೆಂಗಳೂರಿನ ಹೋಟೆಲು, ಅಂಗಡಿ, ಕಾರ್ಖಾನೆಗಳಿಗೆ ಕೆಲಸಕ್ಕೆ ಹೋಗುವ ಹುಡುಗರು ನಮ್ಮ ಮನೆಯವರು. ಇನ್ನು ಕುಡಿಯದ ನಮ್ಮಂಥವರ ಪಾಲಿಗೂ ಈ ವ್ಯಾಪಾರದಿಂದ ಒಂದು ವಸ್ತು ತಪ್ಪದೆ ಬಂದು ಸೇರುತ್ತದೆ. ಅದೆಂದರೆ ಬರಿಯ ಸೀಸೆ.

ಮೊದಲು ಶಬ್ದಗಳನ್ನು ನೋಡೋಣ. ಪಂಡಿತರಿಗೆ ಈ ಚಾಪಲ್ಯವು ತಪ್ಪದು. ದ್ರಾಕ್ಷಿಯ ರಸದಿಂದಾದ ಪಾನೀಯವನ್ನು ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ‘ಮಧು’ ಎಂದು ಕರೆದು, ಅದು ಬರುವ ದೇಶಗಳಿಂದ ಅದಕ್ಕೆ ಕಾಪಿಶಾಯನ, ಹಾರಹೂರಕ ಎಂಬ ಹೆಸರುಗಳುಂಟೆಂದು ತಿಳಿಸುತ್ತಾನೆ. ಕಾಪಿಶಿಯು ಇಂದಿನ ಅಫಘಾನಿಸ್ತಾನದಲ್ಲಿದ್ದ ನಗರ. ಊರಿನ ಹೆಸರಿನಿಂದ ದ್ರಾಕ್ಷಾರಸವನ್ನು ಗುರುತಿಸುವ ಪದ್ಧತಿಯನ್ನು ಫ್ರಾನ್ಸಿನವರೇ ಕಂಡುಹಿಡಿದರೆಂದು ಭಾವಿಸುವವರು ಇದನ್ನು ಗಮನಿಸಬೇಕು. ಮಹಾಕಾವ್ಯದ ಅಷ್ಟಾದಶ ವರ್ಣನೆಗಳಲ್ಲಿ ಮಧುಪಾನವೂ ಒಂದೆಂಬುದನ್ನು ವಿದ್ವತ್ ಪರೀಕ್ಷೆಗೆ ಕುಳಿತವರೆಲ್ಲರೂ ಸಂಕೋಚವಿಲ್ಲದೆ ಕಂಠಪಾಠ ಮಾಡಿದ್ದೇವೆ. ನಿಮ್ಮ ವಿಜ್ಞಾನದ ಪುಸ್ತಕದಲ್ಲಿ ಜೀರ್ಣಕ್ರಿಯೆಯ ಪಾಠದಲ್ಲಿ ಬರುವ ‘ಕಿಣ್ವ’ ಎಂಬ ಪದವು ಕೌಟಿಲ್ಯನ ಕಾಲದಲ್ಲಿ ಮದ್ಯ ತಯಾರಿಸುವವರ ಪದವಾಗಿತ್ತು. ಹುದುಗು ಬರಿಸುವ ದ್ರವ್ಯವೆಂದು ಅದರರ್ಥ.

ಹುದುಗುವಿಕೆ ನಮಗೆ ಹೊಸದಲ್ಲ. ರಾತ್ರಿ ಕಲಸಿಟ್ಟ ದೋಸೆಹಿಟ್ಟು ಬೆಳಗ್ಗೆ ಉಬ್ಬುವುದನ್ನೂ ರಾಗಿಯಂಬಲಿ ಹುಳಿಯಾಗುವುದನ್ನೂ ದಿನವೂ ನೋಡುತ್ತೇವೆ. ದ್ರಾಕ್ಷಿಯಲ್ಲಿ ಕೆಲಸ ಮಾಡುವ ಜೀವಿ ಯೀಸ್ಟು. ಅದು ಹಣ್ಣಿನ ಸಕ್ಕರೆಯನ್ನು ತಿಂದು, ಮದ್ಯಸಾರವನ್ನೂ ಇಂಗಾಲಾಮ್ಲವಾಯುವನ್ನೂ ಬಿಡುತ್ತದೆ. ಫ್ರಾನ್ಸಿನ ಲೂಯಿ ಪಾಶ್ಚರನು ಈ ರಹಸ್ಯವನ್ನು ಬಿಡಿಸಿ, 1866ರಲ್ಲಿ ದ್ರಾಕ್ಷಾರಸದ ಮೇಲೊಂದು ಗ್ರಂಥವನ್ನೇ ಪ್ರಕಟಿಸಿದನು.

ಬಗೆಗಳೆಲ್ಲವೂ ಇದರಿಂದ ಹುಟ್ಟುತ್ತವೆ. ಕಪ್ಪುದ್ರಾಕ್ಷಿಯನ್ನು ಸುಲಿದು ನೋಡಿರಿ; ಸಾಮಾನ್ಯವಾಗಿ ಒಳಗಿನ ತಿರುಳಿಗೆ ಬಣ್ಣವಿರುವುದಿಲ್ಲ, ಬಣ್ಣವೆಲ್ಲ ಸಿಪ್ಪೆಯಲ್ಲಿ. ಸಿಪ್ಪೆಯೊಡನೆಯೇ ಹುದುಗಿಸಿದರೆ ಕೆಂಪು. ಮೊದಲೇ ಹಿಂಡಿ ರಸವನ್ನು ಮಾತ್ರ ಹುದುಗಿಸಿದರೆ ಬಿಳಿ. ಕೆಲವು ಗಂಟೆಗಳ ಕಾಲ ಮಾತ್ರ ಸಿಪ್ಪೆಯ ಸಹವಾಸವಿದ್ದರೆ ಗುಲಾಬಿ. ಸಿಪ್ಪೆ ಬೀಜಗಳಿಂದ ಬಣ್ಣದೊಡನೆ ಒಗರೂ ಇಳಿಯುತ್ತದೆ. ಆದುದರಿಂದಲೇ ಕೆಂಪು ನಾಲಗೆಯನ್ನು ಎಳೆಯುತ್ತದೆ, ನೇರಳೆಹಣ್ಣು ತಿಂದಾಗ ಆಗುವಂತೆ. ಸಕ್ಕರೆಯೆಲ್ಲ ಮುಗಿಯುವವರೆಗೆ ಹುದುಗಿದುದನ್ನು ‘ಡ್ರೈ’ ಎನ್ನುತ್ತಾರೆ. ದ್ರವಪದಾರ್ಥವನ್ನು ‘ಒಣ’ ಎಂದು ಅನುವಾದಿಸಿ ನಗೆಪಾಟಲಾಗುವುದಕ್ಕಿಂತ ‘ಸಿಹಿಯಿಲ್ಲದ್ದು’ ಎಂದರೆ ಸಾಕು. ಸೀಸೆಯಲ್ಲಿಯೇ ಎರಡನೆಯ ಸಲ ಹುದುಗಿಸಿ ವಾಯುವನ್ನು ಸೆರೆಹಿಡಿದರೆ ನೊರೆಯುಕ್ಕುವ ಶಾಂಪೇನಿನ ಬಗೆ. ಹುದುಗುತ್ತಿರುವಾಗಲೇ ಬ್ರಾಂದಿ ಬೆರೆಸಿ ಹುದುಗನ್ನು ನಿಲ್ಲಿಸಿದರೆ, ಸಿಹಿಯುಳಿದು ಕಡುಪು ಹೆಚ್ಚಿದ ಪೋರ್ಟು. ಆಯುರ್ವೇದದ ಅಂಗಡಿಯಲ್ಲಿ ದೊರೆಯುವ ದ್ರಾಕ್ಷಾರಿಷ್ಟವೂ ಈ ಕುಲದ ದಾಯಾದಿಯೇ. ಅದರ ಚೀಟಿಯನ್ನು ಓದಿದರೆ ತಾನಾಗಿ ಹುಟ್ಟಿದ ಮದ್ಯಸಾರದ ಪ್ರಮಾಣ ಕಾಣುತ್ತದೆ. ಅದನ್ನು ಮಕ್ಕಳ ಕೈಗೆಟುಕುವಲ್ಲಿ ಇಡುವುದು ಸರಿಯಲ್ಲ.

ನಮ್ಮ ನಾಡಿನ ಹಣ್ಣೆಂದರೆ ‘ಬೆಂಗಳೂರು ನೀಲಿ’. ಬೆಂಗಳೂರು, ಚಿಕ್ಕಬಳ್ಳಾಪುರ, ಕೋಲಾರ ಸೀಮೆಗಳ ಈ ಪರಿಮಳದ ಹಣ್ಣಿಗೆ 2013ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ಬಂದಿತು. ತಿನ್ನಲು, ರಸಕ್ಕೆ, ಸಿಹಿ ವೈನಿಗೆ ಅದು ಹೊಂದುತ್ತದೆ. ಫ್ರಾನ್ಸಿನ ತಳಿಗಳನ್ನು ತಂದು 1988ರಲ್ಲಿ ದೊಡ್ಡಬಳ್ಳಾಪುರದ ಬಳಿ ತೋಟ ಹಾಕಿದವರು ಕನ್ವಲ್ ಗ್ರೋವರ್ ಎಂಬ ಉದ್ಯಮಿ. ಕರ್ನಾಟಕ ಸರ್ಕಾರವು 2007ರಲ್ಲಿ ಪ್ರತ್ಯೇಕ ನೀತಿಯನ್ನೂ ವೈನ್ ಮಂಡಳಿಯನ್ನೂ ಏರ್ಪಡಿಸಿತು. ಯುರೋಪಿನಲ್ಲಿ ಚಳಿಗಾಲಕ್ಕೆ ಬಳ್ಳಿ ಎಲೆಯುದುರಿಸಿ ನಿದ್ರಿಸುತ್ತದೆ. ನಮ್ಮಲ್ಲಿ ಅದಕ್ಕೆ ನಿದ್ರೆಯಿಲ್ಲ. ಆದುದರಿಂದ ಬೇಸಗೆಯಲ್ಲೊಮ್ಮೆ, ಮಳೆ ಹಿಂದೆಗೆಯುವಾಗಲೊಮ್ಮೆ, ವರ್ಷಕ್ಕೆ ಎರಡು ಸಲ ಸವರಿ ಫಸಲನ್ನು ಮಳೆಯಿಲ್ಲದ ತಿಂಗಳುಗಳಿಗೆ ತರುತ್ತಾರೆ. 2020ರಲ್ಲಿ ಊರೂರುಗಳು ಮುಚ್ಚಿದಾಗ, ಕೊಳ್ಳುವವರಿಲ್ಲದೆ ಹಣ್ಣು ಬಳ್ಳಿಯಲ್ಲಿಯೇ ಉಳಿದ ರೈತರ ಸಂಕಟವನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ಹಣ್ಣು ಕಾಯುವುದಿಲ್ಲ, ಮುಚ್ಚಿಟ್ಟ ರಸವು ಕಾಯುತ್ತದೆ. ರೈತನಿಗೆ ಇದರಲ್ಲಿರುವ ಆಸೆ ಇಷ್ಟೇ.

ಮುಚ್ಚಿಡುವುದೆಂತು ಎಂಬುದೇ ಬಿರಡೆಯ ಪ್ರಶ್ನೆ. ಗಾಳಿ ತಗುಲಿದರೆ ರಸವು ಕೆಟ್ಟು ಹುಳಿಕಾಡಿಯಾಗುತ್ತದೆ. ಶತಮಾನಗಳ ಉತ್ತರ ಬೆಂಡಿನ ಬಿರಡೆ. ಇದು ಬಾಸಿಂಗಕ್ಕೆ ಬಳಸುವ ನೀರುಗಿಡದ ಬೆಂಡಲ್ಲ. ಓಕ್ ಜಾತಿಯ ಒಂದು ಮರದ ತೊಗಟೆ. ಲೋಕದ ಬೆಂಡಿನಲ್ಲಿ ಅರ್ಧದಷ್ಟು ಪೋರ್ಚುಗಲ್ ದೇಶದ್ದು. ಮರವನ್ನು ಕಡಿಯುವುದಿಲ್ಲ. ಸುಮಾರು 25 ವರ್ಷ ತುಂಬಿದ ಮೇಲೆ ಮೊದಲ ತೊಗಟೆ ಸುಲಿಯುತ್ತಾರೆ. ಆ ಬಳಿಕ ಒಂಬತ್ತು ವರ್ಷಕ್ಕೊಮ್ಮೆ. ಒಳ್ಳೆಯ ಬಿರಡೆಗೆ ಮೂರನೆಯ ಸುಲಿತದವರೆಗೆ ಕಾಯಬೇಕು. ಅಂದರೆ ನೆಟ್ಟವನಿಗಲ್ಲ, ಮಗನಿಗೆ ಫಲ. ನಮ್ಮ ಹಿರಿಯರು ಹುಣಿಸೆ ನೆಟ್ಟ ಹಾಗೆ. ಬೆಂಡು ಒಣಗಿ ಸೊರಗದಿರಲೆಂದು ಇಂತಹ ಸೀಸೆಗಳನ್ನು ಮಲಗಿಸಿಡುತ್ತಾರೆ.

ಬೆಂಡಿಗೂ ದೋಷವುಂಟು. ಕೆಲವು ಬಿರಡೆಗಳಲ್ಲಿ ಬೂಷ್ಟಿನಿಂದ ಹುಟ್ಟುವ ಒಂದು ರಾಸಾಯನಿಕವು ಮಳೆಯಲ್ಲಿ ನೆನೆದ ಗೋಣಿಚೀಲದಂತೆ ನಾರುತ್ತದೆ. ಲಕ್ಷ ಕೋಟಿ ಪಾಲಿನಲ್ಲಿ ನಾಲ್ಕೈದು ಪಾಲಿದ್ದರೂ ಸಾಕು, ರಸ ಕೆಟ್ಟಿತು. ಇದರಿಂದ ಬೇಸತ್ತು ಆಸ್ಟ್ರೇಲಿಯದ ಕ್ಲೇರ್ ಕಣಿವೆಯ ತಯಾರಕರು 2000ದಲ್ಲಿ ಒಟ್ಟಾಗಿ ಅಲ್ಯೂಮಿನಿಯಮ್ ತಿರುಪುಮುಚ್ಚಳಕ್ಕೆ ತಿರುಗಿದರು. ಮರುವರ್ಷ ನ್ಯೂಜಿಲೆಂಡಿನವರೂ ಹಿಂಬಾಲಿಸಿದರು. ತಿರುಪುಮುಚ್ಚಳವು ಅಗ್ಗದ ಮಾಲಿನ ಗುರುತೆಂಬ ನಂಬಿಕೆಗೆ ಆಧಾರವಿಲ್ಲ. ಆದರೆ ಬೆಂಡಿಗೆ ಗಿರಾಕಿ ತಪ್ಪಿದರೆ ಆ ಮರಗಳನ್ನು ಉಳಿಸಿಕೊಳ್ಳುವವರಾರು? ಸ್ಪೇನ್ ಪೋರ್ಚುಗಲ್‌ಗಳ ಆ ಕಾಡುಗಳಲ್ಲಿ ಲಿಂಕ್ಸ್ ಎಂಬ ಅಪರೂಪದ ಕಾಡುಬೆಕ್ಕಿಗೂ ನೆಲೆಯುಂಟು. ಶೀಘ್ರ ಖರ್ಚಾಗುವ ಬಗೆಗೆ ತಿರುಪು, ವರ್ಷಗಟ್ಟಲೆ ಇಡುವುದಕ್ಕೆ ಬೆಂಡು ಎಂಬುದು ನಮಗೆ ಯುಕ್ತವಾಗಿ ತೋರುತ್ತದೆ.

ಬಿರಡೆಯ ಚರ್ಚೆ ಎಷ್ಟಾದರೂ ಸಣ್ಣದು. ನಿಸರ್ಗಕ್ಕೆ ದೊಡ್ಡ ಹೊರೆ ಬೇರೆಡೆ ಇದೆ. ಬಳ್ಳಿಗೆ ತಗಲುವ ಬೂಜುರೋಗಕ್ಕೆ ಸುಣ್ಣ ಮೈಲುತುತ್ತದ ‘ಬೋರ್ಡೋ ದ್ರಾವಣ’ವನ್ನು 1885ರಿಂದ ಸಿಂಪಡಿಸುತ್ತಿದ್ದಾರೆ. ಸಾವಯವವೆಂದು ಚೀಟಿ ಹಚ್ಚಿದ ತೋಟದಲ್ಲಿಯೂ ಇದಕ್ಕೆ ಅನುಮತಿಯುಂಟು. ಆದರೆ ತಾಮ್ರವು ಕರಗಿ ಹೋಗದೆ ಮಣ್ಣಿನಲ್ಲಿಯೇ ಸೇರುತ್ತ ಹೋಗುವುದರಿಂದ, ಯುರೋಪಿನಲ್ಲಿ ಹೆಕ್ಟೇರಿಗೆ ಏಳು ವರ್ಷಕ್ಕೆ 28 ಕಿಲೋ ಮೀರಬಾರದೆಂದು ನಿಯಮ ಮಾಡಿದ್ದಾರೆ. ‘ಸಾವಯವ’ ಎಂಬ ಪದವನ್ನು ಕಂಡೊಡನೆ ಕೈಮುಗಿಯಬೇಕಾಗಿಲ್ಲ. ಕೋಲಾರ ಚಿಕ್ಕಬಳ್ಳಾಪುರಗಳಲ್ಲಿ ಕೊಳವೆಬಾವಿಗಳು ಸಾವಿರ ಅಡಿ ದಾಟಿರುವಾಗ, ಬುಡಕ್ಕೆ ಹನಿಹನಿಯಾಗಿ ನೀರು ಕೊಡುವುದೂ ತೊಳೆದ ನೀರನ್ನು ಶುದ್ಧಿಮಾಡದೆ ಹಳ್ಳಕ್ಕೆ ಬಿಡದಿರುವುದೂ ಚೀಟಿಯ ಹೊಗಳಿಕೆಗಿಂತ ಮುಖ್ಯ. ಹಿಂಡಿದ ಸಿಪ್ಪೆ ಬೀಜಗಳು ಗೊಬ್ಬರವಾಗಿ ತೋಟಕ್ಕೆ ಮರಳಬಹುದು.

ಎಲ್ಲಕ್ಕಿಂತ ಭಾರವಾದುದು ಗಾಜು. ಮುಕ್ಕಾಲು ಲೀಟರ್ ರಸವನ್ನು ಹೊರಲು ಅರ್ಧ ಕಿಲೋ ತೂಗುವ ಸೀಸೆ. ಪ್ರತಿಷ್ಠೆಗೆಂದು ಒಂದು ಕಿಲೋ ಸಮೀಪಿಸುವುವೂ ಇವೆ. ಗಾಜನ್ನು ಕರಗಿಸುವ ಕುಲುಮೆಯ ಉರಿ, ಸಾಗಿಸುವ ಲಾರಿಯ ಹೊಗೆ, ಇವೆರಡೂ ಸೇರಿ ವಾತಾವರಣಕ್ಕೆ ಈ ಉದ್ಯಮವು ಹೊರಿಸುವ ಹೊರೆಯಲ್ಲಿ ದೊಡ್ಡ ಪಾಲಾಗುತ್ತದೆ. ಹಗುರವಾದ ಸೀಸೆ, ತೊಳೆದು ಮತ್ತೆ ತುಂಬುವ ಸೀಸೆ, ಇವೇ ಪರಿಹಾರ.

ಈಗ ನಮ್ಮೂರಿಗೆ ಬರೋಣ. ಬನ್ನೇರುಘಟ್ಟದ ಕಡೆಯಿಂದ ಆನೆಗಳು ನಮ್ಮ ಜವಳಗಿರಿಯ ಕಾಡಿನ ಮಾರ್ಗವಾಗಿ ಬರುತ್ತವೆ. ಕಾಡಿನಂಚಿನಲ್ಲಿ ಕುಡಿದು ಎಸೆದ ಸೀಸೆ, ಅದು ವೈನಿನದಾಗಲಿ ಬ್ರಾಂದಿಯದಾಗಲಿ, ಒಡೆದರೆ ಕತ್ತಿಯೇ. ಆನೆಯ ಅಂಗಾಲು ಮೆತ್ತಗೆ. ಬರಿಗಾಲಲ್ಲಿ ದನ ಮೇಯಿಸುವ ಹುಡುಗನ ಕಾಲೂ ಮೆತ್ತಗೆ. ಮದರಾಸಿನ ಉಚ್ಚ ನ್ಯಾಯಾಲಯದ ಆದೇಶದ ಮೇರೆಗೆ 2022ರಲ್ಲಿ ನೀಲಗಿರಿಯಲ್ಲಿ ಒಂದು ಏರ್ಪಾಡು ಆರಂಭವಾಯಿತು: ಸರ್ಕಾರದ ಮದ್ಯದಂಗಡಿಯಲ್ಲಿ ಸೀಸೆಯೊಂದಕ್ಕೆ ಹತ್ತು ರೂಪಾಯಿ ಹೆಚ್ಚಾಗಿ ಪಡೆದು, ಬರಿಯ ಸೀಸೆಯನ್ನು ತಂದುಕೊಟ್ಟರೆ ಆ ಹತ್ತು ರೂಪಾಯಿಯನ್ನು ಹಿಂದಿರುಗಿಸುವುದು. ಆಮೇಲೆ ಬೇರೆ ಜಿಲ್ಲೆಗಳಿಗೂ ಅದನ್ನು ವಿಸ್ತರಿಸಿದರು. ಉಪದೇಶದಿಂದಾಗದ ಕೆಲಸವನ್ನು ಹತ್ತು ರೂಪಾಯಿ ಮಾಡುತ್ತದೆ. ನಮ್ಮ ಶಾಲೆಯ ದಾರಿಯಲ್ಲಿ, ಕಾಡಿನ ಕಾಲುದಾರಿಯಲ್ಲಿ ಬಿದ್ದಿರುವ ಸೀಸೆಗಳನ್ನು ಹಿರಿಯರು ಕೈಗೆ ದಪ್ಪನೆಯ ಬಟ್ಟೆ ಸುತ್ತಿಕೊಂಡು ತಿಂಗಳಿಗೊಮ್ಮೆ ಹೆಕ್ಕಿ ಚೀಲಕ್ಕೆ ತುಂಬಲಿ. ಲೆಕ್ಕವನ್ನು ವಿದ್ಯಾರ್ಥಿಗಳು ಕನ್ನಡದಲ್ಲಿ ಬರೆದಿಡಲಿ. ಸಂಘದ ಮಹನೀಯರು ಇದಕ್ಕೊಂದು ದಿನವನ್ನು ಗೊತ್ತುಮಾಡಬೇಕೆಂದು ಬಿನ್ನವಿಸಿ, ನಮ್ಮ ಮಾತನ್ನು ಇಲ್ಲಿಗೆ ನಿಲ್ಲಿಸುತ್ತೇವೆ.